ಮಗುವಿಗೆ ಮೊದಲು ತೂಕ ಇಳಿಸಿ ಎಂದಿದ್ದಾರೆ: ಎಷ್ಟು, ಹೇಗೆ, ಎಲ್ಲಿಯವರೆಗೆ?

ಪ್ರಶ್ನೆ: ತೋಟದಮನೆ (ತೀರ್ಥಹಳ್ಳಿ ತಾಲ್ಲೂಕು), ಜೂನ್ ಮೊದಲ ವಾರ

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ, ಮದುವೆಯಾಗಿ ನಾಲ್ಕು ವರ್ಷವಾಯಿತು. ಎತ್ತರ 155 ಸೆಂಟಿಮೀಟರ್, ತೂಕ 71 ಕಿಲೋ. ಮುಟ್ಟು ಒಮ್ಮೆ ನಲವತ್ತು ದಿನಕ್ಕೆ ಬಂದರೆ ಇನ್ನೊಮ್ಮೆ ಐವತ್ತೈದು ದಿನಕ್ಕೆ ಬರುತ್ತದೆ. ಕಳೆದ ತಿಂಗಳು ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿದಾಗ ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇದೆ ಎಂದರು. ಥೈರಾಯ್ಡ್ ಸರಿಯಿದೆ, ಮೂರು ತಿಂಗಳ ಸಕ್ಕರೆಯ ಅಂದಾಜು ಕೊಡುವ ಎಚ್‌ಬಿಎ1ಸಿ 5.9 ಬಂದಿದೆ, ಹಿಮೋಗ್ಲೋಬಿನ್ 10.8. ವರದಿಗಳನ್ನು ನೋಡಿದ ವೈದ್ಯರು “ಮಗುವಿಗೆ ಪ್ರಯತ್ನಿಸುವ ಮೊದಲು ಸ್ವಲ್ಪ ತೂಕ ಇಳಿಸಿಕೊಳ್ಳಿ” ಎಂದು ಹೇಳಿದರು. ಎಷ್ಟು ಎಂದು ಕೇಳುವಷ್ಟರಲ್ಲಿ ಮುಂದಿನವರ ಟೋಕನ್ ಕೂಗಿ ಆಗಿತ್ತು.

ಮೊಬೈಲಿನಲ್ಲಿ ಸಿಕ್ಕಿದ ಪಟ್ಟಿಯೊಂದರ ಪ್ರಕಾರ ನನ್ನ ಎತ್ತರದವರು 55 ಕಿಲೋ ದಾಟಬಾರದಂತೆ. ಹಾಗಾದರೆ ಹದಿನಾರು ಕಿಲೋ ಇಳಿಯಬೇಕು, ಮದುವೆಯ ದಿನವೂ ನಾನು ಅಷ್ಟು ತೆಳ್ಳಗಿರಲಿಲ್ಲ. ಈ ಲೆಕ್ಕ ಕೇಳಿದ ನಮ್ಮ ದೂರದ ಸಂಬಂಧಿಯೊಬ್ಬರು, ಬೆಳಿಗ್ಗೆ ಮತ್ತು ರಾತ್ರಿ ಊಟದ ಬದಲು ನೀರಿನಲ್ಲಿ ಕಲಸಿ ಕುಡಿಯುವ ಪುಡಿಯೊಂದನ್ನು ತಾವೇ ಮಾರುತ್ತಿರುವುದಾಗಿ ತಿಳಿಸಿ, ತಿಂಗಳಿಗೆ ಎಂಟು ಕಿಲೋ ಖಂಡಿತ ಎಂದು ದಿನಕ್ಕೆರಡು ಬಾರಿ ಸಂದೇಶ ಕಳಿಸುತ್ತಿದ್ದಾರೆ.

ನಮ್ಮದು ಒಂದೇ ಒಲೆಯ ಮನೆ. ಅತ್ತೆ, ಮಾವ, ನಾವಿಬ್ಬರು. ಬೆಳಿಗ್ಗೆ ಕಡುಬು ಅಥವಾ ಅಕ್ಕಿ ರೊಟ್ಟಿ, ಎರಡು ಹೊತ್ತು ಅನ್ನ, ಮಳೆ ಹಿಡಿದ ಮೇಲೆ ಸಂಜೆ ಚಹಾದ ಜೊತೆ ಏನಾದರೂ ಕರಿದದ್ದು. ಹಲಸಿನ ಹಣ್ಣಂತೂ ಈಗ ದಿನಕ್ಕೊಂದು ಬಿಚ್ಚಿಕೊಳ್ಳುತ್ತಿದೆ. ಅಡುಗೆ ಅತ್ತೆಯವರದು. ಅವರು ಒಳ್ಳೆಯವರು, ಆದರೆ ಒಂದು ಹೊತ್ತು ಊಟ ಬೇಡವೆಂದರೆ ನಾನು ಮುನಿಸಿಕೊಂಡಿದ್ದೇನೆ ಎಂದೋ, ಇಲ್ಲವೇ ‘ವಿಶೇಷ’ವೆಂದೋ ತಿಳಿಯುತ್ತಾರೆ. ಎರಡನೆಯದನ್ನು ಅಲ್ಲವೆಂದು ಹೇಳುವುದು ನನಗೆ ಹಸಿವಿಗಿಂತ ಕಷ್ಟ.

ಹೊರಗೆ ನಡೆಯೋಣವೆಂದರೆ ದಸರಾದವರೆಗೆ ಮಳೆ ಬಿಡುವುದಿಲ್ಲ. ನಿಜವಾಗಿ ಎಷ್ಟು ಇಳಿಸಬೇಕು, ಎಲ್ಲರಿಗೂ ಬೆಂದ ಪಾತ್ರೆಯಿಂದಲೇ ಉಂಡು ಇಳಿಸುವುದು ಸಾಧ್ಯವೇ, ಅಲ್ಲಿಯವರೆಗೆ ಮಗುವಿನ ಪ್ರಯತ್ನವನ್ನು ತಡೆಹಿಡಿಯಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಶರಾವತಿ ಸೀಮೆ (ಸಾಗರ)

ಮೊದಲು ಪುಡಿಯ ಮಾತು ಮುಗಿಸಿಬಿಡುತ್ತೇನೆ. ನಾಲ್ಕು ವರ್ಷಗಳ ಹಿಂದೆ ಅಂಥದೇ ಒಂದನ್ನು ಐದು ವಾರ ಕುಡಿದೆ. ಆರು ಕಿಲೋ ಇಳಿಯಿತು, ಅದು ಸುಳ್ಳಲ್ಲ. ಜೊತೆಗೆ ಎರಡು ತಿಂಗಳು ಮುಟ್ಟು ನಿಂತಿತು, ಬಾಚಣಿಗೆಯಲ್ಲಿ ಕೂದಲು ಉಂಡೆಯಾಗಿ ಬರತೊಡಗಿತು. ಮಾರಿದವರನ್ನು ಕೇಳಿದರೆ ಮೈಯ ಕಲ್ಮಶ ಹೊರಹೋಗುತ್ತಿದೆ ಎಂದರು. ಪುಡಿ ಬಿಟ್ಟು ಊಟಕ್ಕೆ ಕುಳಿತ ಮೂರೇ ತಿಂಗಳಿಗೆ ಹೋದ ಆರು ಕಿಲೋ ತನ್ನ ಜೊತೆ ಇನ್ನೊಂದು ಕಿಲೋವನ್ನೂ ಕರೆದುಕೊಂಡು ಬಂತು.

ಎರಡನೆಯ ಸಲ ಬೇರೆ ಅಡುಗೆ ಮಾಡಿಕೊಳ್ಳುವ ಯೋಚನೆಯನ್ನೇ ಬಿಟ್ಟೆ. ಡೈರಿಗೆ ಹಾಕುವ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಒಂದು ವಾರ, ಏನನ್ನೂ ಕಡಿಮೆ ಮಾಡದೆ, ಬಾಯಿಗೆ ಹೋದದ್ದನ್ನೆಲ್ಲ ಬರೆದಿಟ್ಟೆ. ಅಪರಾಧಿ ಕಡುಬೇ ಇರಬೇಕೆಂದು ನಂಬಿದ್ದ ನನಗೆ ಆ ಹಾಳೆಗಳು ಬೇರೆಯದನ್ನೇ ತೋರಿಸಿದವು. ದಿನಕ್ಕೆ ಆರು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ, ಒಟ್ಟು ಹನ್ನೆರಡು ಚಮಚ. ಚಮಚಕ್ಕೆ ಐದು ಗ್ರಾಂ ಎಂದರೂ ಅರವತ್ತು ಗ್ರಾಂ ಸಕ್ಕರೆ, ಅಂದರೆ 240 ಕ್ಯಾಲೊರಿ. ಯಾವುದೂ ಊಟವೆಂದು ಲೆಕ್ಕಕ್ಕೆ ಬಂದದ್ದಲ್ಲ. ಅಡಿಕೆ ಸುಲಿಯುವ ದಿನಗಳಲ್ಲಿ ಇದು ಎಂಟು ಲೋಟಕ್ಕೂ ಏರುತ್ತಿತ್ತು, ಏಕೆಂದರೆ ಸುಲಿಯುವವರಿಗೆ ಚಹಾ ಕೊಡುವವಳು ತಾನೊಂದು ಲೋಟ ಹಿಡಿಯದೆ ಇರುವುದು ನಮ್ಮ ಕಡೆ ಚೆನ್ನಾಗಿ ಕಾಣುವುದಿಲ್ಲ. ಮೂರು ಲೋಟಕ್ಕೆ ಇಳಿಸಿದೆ, ಲೋಟಕ್ಕೆ ಅರ್ಧ ಚಮಚ. ಎರಡು ವಾರ ಬಾಯಿಗೆ ಸಪ್ಪೆ ಅನಿಸಿತು; ಆಮೇಲೆ ನೆಂಟರ ಮನೆಯ ಚಹಾ ಪಾಯಸದಂತೆ ಕಾಣತೊಡಗಿತು.

ಎರಡನೆಯದು ಎಣ್ಣೆಯ ಡಬ್ಬ. ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ತಿಂಗಳಿಗೆ ಐದು ಲೀಟರ್ ಮುಗಿಯುತ್ತಿತ್ತು. ಭಾಗಿಸಿ ನೋಡಿ: ಒಬ್ಬರಿಗೆ ದಿನಕ್ಕೆ ನಲವತ್ತು ಮಿಲಿಲೀಟರಿಗೂ ಮೇಲೆ, ಸುಮಾರು 340 ಕ್ಯಾಲೊರಿ ಎಣ್ಣೆಯಿಂದಲೇ. ಕರಿಯುವುದನ್ನು ಬೇಡ ಎಂದು ನಾನು ಹೇಳಲಿಲ್ಲ. ಮೂರು ಲೀಟರಿನ ಡಬ್ಬ ತಂದು, ತಿಂಗಳಿಗೆ ಇಷ್ಟೇ ಎಂದೆ. ಯಾವತ್ತು ಕರಿಯಬೇಕು ಎಂಬುದನ್ನು ಅತ್ತೆಯೇ ನಿರ್ಧರಿಸಿದರು. ಹಲಸಿನ ಹಪ್ಪಳ ಕೆಂಡದ ಮೇಲೆ ಸುಡುವುದಕ್ಕೆ ಮರಳಿತು. ಹೇಳಬೇಕೆಂದರೆ ಹಪ್ಪಳದ ನಿಜವಾದ ರುಚಿ ಇರುವುದೂ ಅಲ್ಲೇ.

ಮೂರನೆಯದನ್ನು ಬರೆಯಲು ನಾಚಿಕೆಯಾಗುತ್ತದೆ. ವಾರಕ್ಕೆರಡು ದಿನ ನಮ್ಮಲ್ಲಿ ಹುರುಳಿ ಸಾರು. ಕಾಳು ಬೇಯಿಸಿ, ಕಟ್ಟು ಬಸಿದು ಸಾರಿಗೆ ಇಟ್ಟುಕೊಂಡು, ಬೆಂದ ಕಾಳನ್ನು ಅಕ್ಕಚ್ಚಿನ ಬಾನಿಗೆ ಹಾಕಿ ಎಮ್ಮೆಗೆ ಕೊಡುತ್ತಿದ್ದೆವು. ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತೆರಡು ಗ್ರಾಂನಷ್ಟು ಪ್ರೋಟೀನ್ ಇದೆ. ಅದರಲ್ಲಿ ಮುಕ್ಕಾಲು ಪಾಲು ಎಮ್ಮೆಗೆ ಹೋಗಿ, ನಾನು ಸಾರಿನ ನೀರಿನಲ್ಲಿ ಮೂರು ಸೌಟು ಅನ್ನ ಕಲಸಿ ಉಂಡು, ನಾಲ್ಕು ಗಂಟೆಗೆ ಮತ್ತೆ ಹಸಿವೆಂದು ಚಕ್ಕುಲಿ ಡಬ್ಬಕ್ಕೆ ಕೈ ಹಾಕುತ್ತಿದ್ದೆ. ಕಾಳಿನಲ್ಲಿ ಅರ್ಧವನ್ನು ಈರುಳ್ಳಿ, ಒಂದಿಷ್ಟು ಕಾಯಿತುರಿ ಹಾಕಿ ಪಲ್ಯ ಮಾಡಿಕೊಂಡ ಮೇಲೆ ಅನ್ನ ತಾನಾಗಿಯೇ ಒಂದೂವರೆ ಸೌಟಿಗೆ ಇಳಿಯಿತು.

ಅತ್ತೆಯವರಿಗೆ ಹೇಗೆ ಹೇಳುವುದು ಎಂಬುದಕ್ಕೆ ಒಂದು ಮಾತು. ‘ತೂಕ’ ಎನ್ನಬೇಡಿ, ‘ಸಕ್ಕರೆ’ ಎನ್ನಿ. ತೂಕವೆಂದರೆ ನಮ್ಮ ಮನೆಗಳಲ್ಲಿ ಯಾರೂ ಅದನ್ನು ಕಾಯಿಲೆಯೆಂದು ಒಪ್ಪುವುದಿಲ್ಲ, ದೃಷ್ಟಿ ತಾಗುವ ಮಾತಾಡಬೇಡ ಎನ್ನುತ್ತಾರೆ. ಸಕ್ಕರೆ ಗಡಿಯಲ್ಲಿದೆ ಎಂದರೆ ಮರುದಿನವೇ ಅಡುಗೆ ಬದಲಾಗುತ್ತದೆ. ನಿಮ್ಮದು 5.9 ಇರುವುದರಿಂದ ಅದು ಸುಳ್ಳೂ ಆಗುವುದಿಲ್ಲ. ನನಗೆ ಏಳು ತಿಂಗಳಲ್ಲಿ 68ರಿಂದ 62ಕ್ಕೆ ಬಂತು; ಮಗಳಿಗೆ ಈಗ ಒಂದು ವರ್ಷ ಎಂಟು ತಿಂಗಳು.

ಉತ್ತರ: ನಿವೃತ್ತ ಶುಶ್ರೂಷಕಿ

ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೆಂಟು ವರ್ಷ ಕಳೆದವಳು ನಾನು. ವೈದ್ಯರ ಜಾಗದಲ್ಲಿ ನಿಂತು ಹೇಳುತ್ತಿಲ್ಲ. ಟೋಕನ್ ಕೂಗುವ ಗಡಿಬಿಡಿಯಲ್ಲಿ ಬಿಟ್ಟುಹೋದದ್ದನ್ನು ಮಾತ್ರ ತುಂಬುತ್ತಿದ್ದೇನೆ.

ನೀವು ನೋಡಿದ ಪಟ್ಟಿ ಸುಳ್ಳಲ್ಲ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಸೂಚ್ಯಂಕ, ಸುಮಾರು 29.5. ಭಾರತೀಯರ ಮೈಗಟ್ಟಿನಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಬೇಗ ಕೂಡುವುದರಿಂದ ನಮಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಹಿಡಿಯುತ್ತಾರೆ. ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು. ಆದರೆ ಆ ಪಟ್ಟಿ ಜೀವಮಾನದ ಆರೋಗ್ಯಕ್ಕೆ ಮಾಡಿದ್ದು. ತಾಯಿಯಾಗಲು 55 ಕಿಲೋಗೆ ಬರಲೇಬೇಕು ಎಂಬ ನಿಯಮ ಎಲ್ಲಿಯೂ ಇಲ್ಲ. ಪಿಸಿಓಎಸ್ ಇರುವವರಲ್ಲಿ ಇದ್ದ ತೂಕದ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದರೆ ಅನೇಕರಿಗೆ ಮುಟ್ಟು ಹತೋಟಿಗೆ ಬಂದು ಅಂಡಾಣು ಬಿಡುಗಡೆ ಮರಳಿ ಆರಂಭವಾಗುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಮೂರೂವರೆಯಿಂದ ಏಳು ಕಿಲೋ. 67ಕ್ಕೆ ಬಂದರೆ ಮೊದಲ ಮೆಟ್ಟಿಲು ಹತ್ತಿದಂತೆ, 64 ತಲುಪಿದರೆ ಹಬ್ಬ. ವಾರಕ್ಕೆ ಅರ್ಧ ಕಿಲೋ ಇಳಿದರೆ ಧಾರಾಳವಾಯಿತು. ತಿಂಗಳಿಗೆ ಒಂದೇ ಕಿಲೋ ಇಳಿದರೂ ನಾನು ಬೇಸರಪಡುವುದಿಲ್ಲ.

ಇಷ್ಟು ಸಣ್ಣ ಇಳಿಕೆಗೆ ಏಕೆ ಅಷ್ಟು ಫಲ ಎಂದು ಕೇಳಬಹುದು. ಹೊಟ್ಟೆಯ ಕೊಬ್ಬು ಹೆಚ್ಚಿದಂತೆ ದೇಹ ಇನ್ಸುಲಿನ್ನಿನ ಮಾತು ಕೇಳುವುದನ್ನು ಬಿಡುತ್ತದೆ. ಕೇಳಿಸಲೆಂದು ಮೇದೋಜ್ಜೀರಕ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ತಟ್ಟಿ ಪುರುಷ ಹಾರ್ಮೋನುಗಳನ್ನು ಹೆಚ್ಚಿಸುತ್ತದೆ. ಅಂಡಾಣು ಪಕ್ವವಾಗದೆ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಇಳಿಯುವ ಮೊದಲ ಕೆಲವು ಕಿಲೋಗಳಲ್ಲಿ ಹೊಟ್ಟೆಯೊಳಗಿನ ಕೊಬ್ಬೂ ಕರಗುವುದರಿಂದ ಈ ಸರಪಳಿ ಬೇಗ ಸಡಿಲವಾಗುತ್ತದೆ. ಹಾಗೆಂದು ಹೊಟ್ಟೆ ಕಟ್ಟಿದರೆ ಕೆಲಸ ಕೆಡುತ್ತದೆ: ಬರಗಾಲ ಬಂದಿತೆಂದು ಮಿದುಳು ತಿಳಿದು ಅಂಡಾಣು ಬಿಡುಗಡೆಯನ್ನೇ ನಿಲ್ಲಿಸಬಹುದು. ಸಾಗರದ ಸಹೋದರಿಗೆ ಮುಟ್ಟು ನಿಂತದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ತೂಕದ ಮೇಲಲ್ಲ, 10.8ರ ಮೇಲೆ. ಬಸಿರಿಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಬಸಿರಿನಲ್ಲಿ ರಕ್ತದ ದ್ರವಾಂಶ ಹೆಚ್ಚಾಗಿ ಅದು ಇನ್ನೂ ಇಳಿಯುತ್ತದೆ. ಕಬ್ಬಿಣದ ಮಾತ್ರೆಯನ್ನು ಈಗಲೇ ಕೇಳಿ ಪಡೆದುಕೊಳ್ಳಿ. ಊಟವಾದ ಕೂಡಲೇ ಚಹಾ ಕುಡಿದರೆ ಅದರಲ್ಲಿರುವ ಟ್ಯಾನಿನ್ ಸೊಪ್ಪಿನ, ಕಾಳಿನ ಕಬ್ಬಿಣವನ್ನು ದೇಹಕ್ಕೆ ಹತ್ತಲು ಬಿಡುವುದಿಲ್ಲ; ಒಂದು ಗಂಟೆಯಾದರೂ ಬಿಡುವಿರಲಿ. ಹಿತ್ತಲ ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿಕೊಂಡರೆ, ಊಟಕ್ಕೆ ನೆಲ್ಲಿಕಾಯಿ ತಂಬುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಮೀನು ಮೊಟ್ಟೆ ತಿನ್ನದ ಮನೆಯಾದರೆ ಬಿ12 ಕೂಡ ಒಮ್ಮೆ ನೋಡಿಸಿ.

ಇನ್ನೊಂದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲನೆಯದು: ಫೋಲಿಕ್ ಆಮ್ಲ. ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು ಮೊದಲಿನಿಂದ. ಮಗುವಿನ ಮಿದುಳು ಮತ್ತು ಬೆನ್ನುಹುರಿ ಆಗುವ ನಾಳ ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಂಡು ಆಗಿರುತ್ತದೆ. ಇಪ್ಪತ್ತೆಂಟು ದಿನಕ್ಕೆ ಸರಿಯಾಗಿ ಮುಟ್ಟಾಗುವವಳಿಗೆ ತಪ್ಪಿದ್ದು ಬೇಗ ಗೊತ್ತಾಗುತ್ತದೆ. ಐವತ್ತೈದು ದಿನಕ್ಕೂ ಮುಟ್ಟಾಗುವ ನಿಮಗೆ ಬಸಿರೆಂಬ ಅನುಮಾನ ಬರುವ ಹೊತ್ತಿಗೆ ಆ ಕೆಲಸ ಮುಗಿದೇ ಹೋಗಿರಬಹುದು. ಆದ್ದರಿಂದ ‘ತೂಕ ಇಳಿದ ಮೇಲೆ ಮಾತ್ರೆ’ ಎಂದು ಮುಂದೂಡಬೇಡಿ. ತೂಕ ಇಳಿಯತೊಡಗಿದಾಗ ಅಂಡಾಣು ಬಿಡುಗಡೆ ಹೇಳದೆ ಕೇಳದೆ ಶುರುವಾಗುವುದೂ ಉಂಟು. ಹೆಚ್ಚು ತೂಕದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಪ್ರಮಾಣ ಹೆಚ್ಚಿಸಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು.

ಈಚೆಗೆ ಶಿವಮೊಗ್ಗದಲ್ಲಿಯೂ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕದ ಇಂಜೆಕ್ಷನ್ನುಗಳ ಮಾತು ಕೇಳುತ್ತಿದೆ. ಅವುಗಳಲ್ಲೊಂದಾದ ಸೆಮಾಗ್ಲುಟೈಡ್ ತೆಗೆದುಕೊಳ್ಳುವವರು ಗರ್ಭಧಾರಣೆಗೆ ಕನಿಷ್ಠ ಎರಡು ತಿಂಗಳ ಮೊದಲು ಅದನ್ನು ನಿಲ್ಲಿಸಬೇಕು, ತೆಗೆದುಕೊಳ್ಳುವಷ್ಟು ದಿನ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಬೊಜ್ಜಿನ ಶಸ್ತ್ರಚಿಕಿತ್ಸೆಯಾದರೆ ಒಂದರಿಂದ ಒಂದೂವರೆ ವರ್ಷ ಕಾಯಬೇಕಾಗುತ್ತದೆ. ನಿಮಗೆ ಎರಡೂ ಬೇಕಾಗಿಲ್ಲ ಎಂದು ನನ್ನ ಅಂದಾಜು. ಏನು ಬೆರೆತಿದೆಯೆಂದು ತಿಳಿಯದ ಪುಡಿ, ಕಷಾಯಗಳನ್ನಂತೂ ಹತ್ತಿರ ಸೇರಿಸಬೇಡಿ.

ನಡಿಗೆಯ ವಿಷಯ. ವಾರಕ್ಕೆ 150 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕು, ವಾರಕ್ಕೆರಡು ದಿನ ಸ್ನಾಯುಗಳಿಗೂ ಕೆಲಸವಿರಬೇಕು. ಅದು ಹೊರಗೇ ಆಗಬೇಕೆಂದೇನಿಲ್ಲ. ತೋಟದ ಮನೆಯ ಜಗಲಿ ಉದ್ದವಿರುತ್ತದೆ. ಊಟವಾದ ಮೇಲೆ ಹತ್ತು ಹತ್ತು ನಿಮಿಷದಂತೆ ಅತ್ತಿಂದಿತ್ತ ನಡೆದರೆ ಊಟದ ನಂತರ ಏರುವ ಸಕ್ಕರೆಯೂ ತಗ್ಗುತ್ತದೆ. ಕಂಬ ಹಿಡಿದು ಕುಕ್ಕರಗಾಲಿನಲ್ಲಿ ಕೂತು ಏಳುವುದನ್ನು ಹತ್ತರಂತೆ ಮೂರು ಬಾರಿ ಮಾಡಿ. ಅಟ್ಟದ ಏಣಿಯೂ ಇದೆ. ಮಳೆ ನಿಂತ ಮೇಲೆ ಡಾಂಬರು ರಸ್ತೆಯಲ್ಲಿ ನಡೆಯಿರಿ. ಕಾಡಂಚಿನ ತರಗೆಲೆಯ ದಾರಿ ಬೇಡ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆಯನ್ನು ಉಣುಗುಗಳೇ ಹರಡುತ್ತವೆ, ಡಿಸೆಂಬರಿನಿಂದ ಮೇ ತನಕ ಅವುಗಳ ಕಾಟ. ಸೊಪ್ಪಿಗೆ ಹೋಗಲೇಬೇಕಾದರೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಿ.

ಉತ್ತರ: ಗೋಪಾಳದವನು (ಶಿವಮೊಗ್ಗ)

ಒಂದು ಪ್ರಶ್ನೆ ಕೇಳಬಹುದೇ? ನಿಮ್ಮ ಯಜಮಾನರ ತೂಕ ಎಷ್ಟು? ಇಷ್ಟು ದೊಡ್ಡ ಪತ್ರದಲ್ಲಿ ಅವರು ‘ನಾವಿಬ್ಬರು’ ಎಂಬ ಒಂದು ಮಾತಿನಲ್ಲಿ ಬಂದು ಹೋಗುತ್ತಾರೆ. ತಪ್ಪು ನಿಮ್ಮದಲ್ಲ, ಆಸ್ಪತ್ರೆಯ ಚೀಟಿಯಲ್ಲೂ ಅವರ ತೂಕಕ್ಕೆ ಜಾಗವಿರುವುದಿಲ್ಲ. ನಮಗೂ ಹಾಗೆಯೇ ಆಯಿತು. ಒಂದೂವರೆ ವರ್ಷ ನನ್ನ ಹೆಂಡತಿಯೊಬ್ಬಳೇ ಮಾತ್ರೆ ನುಂಗಿ, ರಕ್ತ ಕೊಟ್ಟು, ಅನ್ನ ಬಿಟ್ಟಳು. ಕೊನೆಗೆ ನನ್ನ ಪರೀಕ್ಷೆ ಮಾಡಿಸಿದಾಗ ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ಕಡಿಮೆ ಎಂದು ತಿಳಿಯಿತು. ಆಗ ನಾನು 92 ಕಿಲೋ.

ಗಂಡಸಿನ ದೇಹದಲ್ಲಿ ಕೊಬ್ಬು ಹೆಚ್ಚಾದರೆ ಟೆಸ್ಟೋಸ್ಟಿರೋನ್ ಆ ಕೊಬ್ಬಿನಲ್ಲಿಯೇ ಈಸ್ಟ್ರೋಜನ್ ಆಗಿ ಬದಲಾಗುತ್ತದೆ ಎಂದು ವೈದ್ಯರು ಬಿಡಿಸಿ ಹೇಳಿದರು. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುವುದರಿಂದ, ಇವತ್ತು ಮಾಡಿದ ಬದಲಾವಣೆ ಕಾಣುವುದು ಮೂರು ತಿಂಗಳ ನಂತರ. ನಾನು ಮೊದಲು ಬಿಟ್ಟದ್ದು ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪನ್ನು. ಹೊಗೆಸೊಪ್ಪು ವೀರ್ಯಾಣುಗಳಿಗೂ ಕೇಡು. ಬರೀ ಅಡಿಕೆಯನ್ನೂ 2004ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆಯನ್ನೇ ನಂಬಿದ ಸೀಮೆಯಲ್ಲಿ ಕುಳಿತು ಇದನ್ನು ಬರೆಯುವುದು ಸುಲಭವಲ್ಲ, ನಮ್ಮ ಅಪ್ಪನೂ ಬೆಳೆಗಾರರೇ. ಆಮೇಲೆ ರಾತ್ರಿ ಹತ್ತೂವರೆಯ ಊಟವನ್ನು ಎಂಟಕ್ಕೆ ತಂದೆ, ಬೆಳಿಗ್ಗೆ ನೆಹರೂ ಕ್ರೀಡಾಂಗಣದಲ್ಲಿ ಸುತ್ತು ಹಾಕತೊಡಗಿದೆ. ಎಂಟು ತಿಂಗಳಲ್ಲಿ 92 ಹೋಗಿ 84 ಆಯಿತು. ಒಬ್ಬಳೇ ಪಥ್ಯ ಮಾಡುವ ಮನೆಯಲ್ಲಿ ಪಥ್ಯ ನಿಲ್ಲುವುದಿಲ್ಲ. ಅವಳ ಎದುರಿಗೆ ಕುಳಿತು ನಾನು ಮದ್ದೂರು ವಡೆ ಮುರಿಯುತ್ತಿದ್ದ ದಿನಗಳನ್ನು ನೆನೆದರೆ ಈಗಲೂ ಪೆಚ್ಚೆನಿಸುತ್ತದೆ.

ಉತ್ತರ: ಮೂವತ್ತಾರರವಳು (ಭದ್ರಾವತಿ)

ಮೇಲಿನವರ ಮಾತಿಗೆ ನನ್ನದೊಂದು ಭಿನ್ನಾಭಿಪ್ರಾಯ. ತೂಕ ಇಳಿಸುವುದು ಒಳ್ಳೆಯದು, ಒಪ್ಪುತ್ತೇನೆ. ಆದರೆ ‘ಮೊದಲು ತೂಕ, ಆಮೇಲೆ ಮಗು’ ಎಂಬ ಸಾಲಿನಲ್ಲಿ ನಿಂತು ನಾನು ಎರಡು ವರ್ಷ ಕಳೆದುಕೊಂಡೆ. 34ನೇ ವಯಸ್ಸಿನಲ್ಲಿ ಹೋದಾಗ ಹತ್ತು ಕಿಲೋ ಇಳಿಸಿ ಬನ್ನಿ ಎಂದು ಕಳಿಸಿದರು. ನಾಲ್ಕು ಇಳಿಯಿತು, ಮೂರು ಏರಿತು; ಮುಖ ತೋರಿಸಲು ನಾಚಿ ಮತ್ತೆ ಹೋಗಲೇ ಇಲ್ಲ. ತೂಕಕ್ಕೆ ಇನ್ನೊಂದು ವರ್ಷ ಕೊಡಬಹುದು, ಅಂಡಾಶಯ ಯಾರಿಗೂ ಆ ಸೌಲಭ್ಯ ಕೊಡುವುದಿಲ್ಲ.

2016ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, ಬಿಎಂಐ 29 ಮತ್ತು ಅದಕ್ಕಿಂತ ಹೆಚ್ಚಿದ್ದ 577 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಆರು ತಿಂಗಳು ತೂಕ ಇಳಿಸುವ ಕಾರ್ಯಕ್ರಮದ ನಂತರ, ಉಳಿದವರಿಗೆ ತಕ್ಷಣವೇ ಬಂಜೆತನದ ಚಿಕಿತ್ಸೆ ಕೊಟ್ಟರು. ತಿಂಗಳು ತುಂಬಿ ಸಹಜ ಹೆರಿಗೆಯಲ್ಲಿ ಆರೋಗ್ಯವಂತ ಮಗು ಪಡೆದವರ ಪ್ರಮಾಣ ಮೊದಲ ಗುಂಪಿನಲ್ಲಿ ಹೆಚ್ಚಾಗಲಿಲ್ಲ. ಹೌದು, ಚಿಕಿತ್ಸೆಯಿಲ್ಲದೆ ತಾನಾಗಿ ಗರ್ಭ ನಿಂತದ್ದು ಆ ಗುಂಪಿನಲ್ಲೇ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ನಿಮಗೆ 31 ಮಾತ್ರ, ಒಂದಿಷ್ಟು ತಿಂಗಳು ಕೊಟ್ಟರೆ ನಷ್ಟವಿಲ್ಲ. ಆದರೆ ದಿನಾಂಕವೊಂದನ್ನು ಇಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಆ ದಿನ ತೂಕ ಎಷ್ಟೇ ಇರಲಿ, ಆಸ್ಪತ್ರೆಗೆ ಹೋಗಿ.

ಉತ್ತರ: ನಿವೃತ್ತ ಶುಶ್ರೂಷಕಿ

ಭದ್ರಾವತಿಯವರ ಮಾತನ್ನು ನಾನು ಒಪ್ಪುತ್ತೇನೆ, ಅದನ್ನು ನಾನೇ ಬರೆಯಬೇಕಿತ್ತು. 35 ದಾಟಿದವರು ಆರು ತಿಂಗಳು ಪ್ರಯತ್ನಿಸಿ ಆಗದಿದ್ದರೆ, ಅದಕ್ಕಿಂತ ಚಿಕ್ಕವರು ಒಂದು ವರ್ಷವಾದರೆ ತಪಾಸಣೆಗೆ ಹೋಗಬೇಕೆಂಬುದು ಸಾಮಾನ್ಯ ನಿಯಮ. ಮುಟ್ಟು ಏರುಪೇರಿದ್ದವರು ಅಷ್ಟೂ ಕಾಯಬೇಕಾಗಿಲ್ಲ, ಏಕೆಂದರೆ ಅಂಡಾಣುವೇ ಬಿಡುಗಡೆಯಾಗದ ತಿಂಗಳುಗಳನ್ನು ಪ್ರಯತ್ನವೆಂದು ಎಣಿಸುವುದರಲ್ಲಿ ಅರ್ಥವಿಲ್ಲ. ತೂಕ ಇಳಿಸುವುದರ ಮುಖ್ಯ ಲಾಭವನ್ನು ನಾನು ವಾರ್ಡಿನಲ್ಲಿ ಕಂಡದ್ದು ಗರ್ಭ ನಿಂತ ಮೇಲೆ: ಬಸಿರಿನಲ್ಲಿ ಕಾಣಿಸಿಕೊಳ್ಳುವ ಸಕ್ಕರೆ, ರಕ್ತದೊತ್ತಡ, ದೊಡ್ಡ ಮಗುವಿನ ಕಷ್ಟದ ಹೆರಿಗೆ, ಇವುಗಳ ಅಪಾಯ ತಗ್ಗುತ್ತದೆ. ತೋಟದಮನೆಯವರಿಗೆ ನಾನು ಹೇಳುವುದಾದರೆ, ಡಿಸೆಂಬರ್ ಮೊದಲ ವಾರಕ್ಕೆ ಗುರುತು ಹಾಕಿ.

ತೋಟದಮನೆ, ಆಗಸ್ಟ್ ಕೊನೆಯ ವಾರ

ಎಲ್ಲರಿಗೂ ಕೃತಜ್ಞತೆಗಳು. ಹನ್ನೆರಡು ವಾರಗಳ ಲೆಕ್ಕ ಒಪ್ಪಿಸುತ್ತಿದ್ದೇನೆ.

ಮನೆಯಲ್ಲಿ ತೂಕದ ಯಂತ್ರವೆಂದು ಇದ್ದದ್ದು ಅಡಿಕೆ ಮೂಟೆ ತೂಗುವುದು ಒಂದೇ. ಪ್ರತಿ ಬುಧವಾರ ಬೆಳಿಗ್ಗೆ, ಕೆಲಸದವರು ಬರುವ ಮೊದಲು, ನಾವಿಬ್ಬರೂ ಒಬ್ಬರಾದ ಮೇಲೊಬ್ಬರು ಅದರ ಮೇಲೆ ಹತ್ತಿ ನಿಲ್ಲುತ್ತೇವೆ. ಗೋಪಾಳದವರ ಪ್ರಶ್ನೆ ಓದಿದ ದಿನವೇ ಇವರನ್ನು ಹತ್ತಿಸಿದ್ದೆ. 170 ಸೆಂಟಿಮೀಟರ್ ಎತ್ತರಕ್ಕೆ 84 ಬಂದದ್ದು ನೋಡಿ ಇವರು ಯಂತ್ರ ಕೆಟ್ಟಿದೆಯೆಂದು ಐವತ್ತು ಕಿಲೋ ಗೊಬ್ಬರದ ಚೀಲ ಇಟ್ಟು ಪರೀಕ್ಷಿಸಿದರು. ಯಂತ್ರ ಕೆಟ್ಟಿರಲಿಲ್ಲ. ಈಗ ಅವರು 81.5, ನಾನು 68.2. ನಡುವೆ ಮೂರು ವಾರ ಮುಳ್ಳು ಅಲ್ಲಾಡಲೇ ಇಲ್ಲ, ಒಂದು ವಾರ ಆರುನೂರು ಗ್ರಾಂ ಏರಿತು. ಆ ವಾರ ತವರಿನಲ್ಲಿ ಎರಡು ಮದುವೆಯಿತ್ತು. ಕಳೆದ ಎರಡು ಮುಟ್ಟಿನ ನಡುವೆ 38 ದಿನ. ಹಿಮೋಗ್ಲೋಬಿನ್ 11.7 ಆಗಿದೆ, ಫೋಲಿಕ್ ಆಮ್ಲ ಜೂನ್ ಎರಡನೆಯ ವಾರದಿಂದ ತಪ್ಪಿಲ್ಲ.

‘ಸಕ್ಕರೆ’ ಎಂಬ ಮಾತು ನಮ್ಮಲ್ಲಿಯೂ ಕೆಲಸ ಮಾಡಿತು, ಸ್ವಲ್ಪ ಹೆಚ್ಚೇ ಮಾಡಿತು. ಅತ್ತೆಯವರು ಮಾವನವರ ಚಹಾದಲ್ಲಿಯೂ ಸಕ್ಕರೆ ಅರ್ಧ ಮಾಡಿದರು, ಜೋನಿಬೆಲ್ಲದ ಡಬ್ಬವನ್ನು ಅಟ್ಟಕ್ಕೇರಿಸಿದರು. ಮಾವನವರು ಈಗ ದಿನಕ್ಕೊಮ್ಮೆ ಅಟ್ಟದಲ್ಲಿ ಏನೋ ಕೆಲಸವಿದೆ ಎನ್ನುತ್ತಾರೆ. ಹುರುಳಿಯ ಕಾಳಿಗೆ ಮಾತ್ರ ಅತ್ತೆಯವರು ಸುಲಭವಾಗಿ ಒಪ್ಪಲಿಲ್ಲ: ಕರು ಹಾಕಿದ ಎಮ್ಮೆಯ ಪಾಲನ್ನು ಮನುಷ್ಯರು ತಿನ್ನುವುದೇ ಎಂದರು. ಈಗ ಎರಡು ಪಾವು ಹೆಚ್ಚಿಗೆ ಬೇಯಿಸುತ್ತಾರೆ.

ಒಂದು ಸಂದೇಹ ಉಳಿದಿದೆ. ಶುಶ್ರೂಷಕಿಯವರು ಹೇಳಿದಂತೆ ಹೇಳದೆ ಕೇಳದೆ ಗರ್ಭ ನಿಂತರೆ ಈ ಇಳಿಸುವಿಕೆಯನ್ನು ಮುಂದುವರಿಸಬೇಕೇ? ನಮ್ಮಲ್ಲಿ ಆಗಲೇ ‘ಬಸುರಿಗೆ ಇಬ್ಬರ ಊಟ’ ಎಂಬ ಪಾಠ ಶುರುವಾಗಿದೆ. ಗೌರಿ ಹಬ್ಬಕ್ಕೆ ಬಂದ ಚಿಕ್ಕತ್ತೆ ಚಕ್ಕುಲಿಯ ಡಬ್ಬವನ್ನೂ ಬಿಟ್ಟು ಹೋಗಿದ್ದಾರೆ.

ಉತ್ತರ: ನಿವೃತ್ತ ಶುಶ್ರೂಷಕಿ

ಗರ್ಭ ನಿಂತದ್ದು ಗೊತ್ತಾದ ದಿನದಿಂದ ಇಳಿಸುವ ಪ್ರಯತ್ನ ನಿಲ್ಲಿಸಿ. ಊಟದ ಕ್ರಮ, ಜಗಲಿಯ ನಡಿಗೆ, ಅರ್ಧ ಚಮಚದ ಚಹಾ ಹಾಗೆಯೇ ಇರಲಿ. ಪ್ರಮಾಣವನ್ನು ಮಾತ್ರ ಬಿಗಿ ಹಿಡಿಯಬೇಡಿ. ಮೊದಲ ಮೂರು ತಿಂಗಳಲ್ಲಿ ವಾಂತಿಯಿಂದ ಒಂದೆರಡು ಕಿಲೋ ಇಳಿದರೆ ಗಾಬರಿಯಾಗಬೇಡಿ, ನೀರೂ ನಿಲ್ಲದಿದ್ದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ. ನಿಮ್ಮ ಈಗಿನ ಬಿಎಂಐ 28ರ ಆಸುಪಾಸಿಗೆ ಒಂಬತ್ತು ತಿಂಗಳಲ್ಲಿ ಒಟ್ಟು ಏಳರಿಂದ ಹನ್ನೊಂದೂವರೆ ಕಿಲೋ ಏರಿದರೆ ಸಾಕೆಂದು ಹೇಳುತ್ತಾರೆ.

ಇಬ್ಬರ ಊಟದ ಲೆಕ್ಕವನ್ನು ಚಿಕ್ಕತ್ತೆಗೆ ಹೀಗೆ ಹೇಳಿ: ನಾಲ್ಕನೆಯ ತಿಂಗಳಿನಿಂದ ಹೆಚ್ಚಿಗೆ ಬೇಕಾಗುವುದು ದಿನಕ್ಕೆ ಸುಮಾರು 350 ಕ್ಯಾಲೊರಿ. ಅದು ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಎಮ್ಮೆಯಿಂದ ಕಸಿದುಕೊಂಡ ಒಂದು ಹಿಡಿ ಬೆಂದ ಹುರುಳಿ, ಅಷ್ಟೇ. ನಿಮ್ಮ ಎಚ್‌ಬಿಎ1ಸಿ ಗಡಿಯಲ್ಲಿದ್ದದ್ದರಿಂದ ಸಕ್ಕರೆ ಪರೀಕ್ಷೆಯನ್ನು ಮೊದಲ ಭೇಟಿಯಲ್ಲೇ ಮಾಡಿಸಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ತೆಗೆಯುತ್ತಾರೆ, 140 ಅಥವಾ ಅದಕ್ಕಿಂತ ಮೇಲೆ ಬಂದರೆ ಚಿಕಿತ್ಸೆ ಶುರುವಾಗುತ್ತದೆ. ಅದಕ್ಕೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದಿಲ್ಲ, ಆದರೆ ಆ ಎರಡು ಗಂಟೆ ಅಲ್ಲೇ ಕುಳಿತಿರಬೇಕು, ಊರಿಗೆ ಮರಳುವ ಬಸ್ಸಿನ ಹೊತ್ತು ನೋಡಿಕೊಂಡು ಬನ್ನಿ.